ಕಾಲಿಂಗ್‌ವುಡ್ ಆತ್ಮಕಥೆ ಓದಿ ತಲೆ ಕೆಟ್ಟಿದೆ, ಮುಂದೆ ಏನು ಓದಲಿ?

ಸಾಗರದ ಕೊನೆ ಬಸ್ಸು:

ಮೊದಲೇ ಹೇಳಿಬಿಡುತ್ತೇನೆ, ನಾನು ಓದಿದ್ದು ಬಿಕಾಂ. ಕೆಲಸ ಅಂಗಡಿಗಳ ಲೆಕ್ಕಪತ್ರ ಬರೆಯೋದು. ಚರಿತ್ರೆ ಹೈಸ್ಕೂಲಿಗೇ ಮುಗಿಯಿತು, ಫಿಲಾಸಫಿ ಕಡೆ ತಲೆ ಹಾಕಿಯೂ ಮಲಗಿದವನಲ್ಲ.

ಹೋದ ತಿಂಗಳು ಶಿವಮೊಗ್ಗಕ್ಕೆ ಹೋಗಿದ್ದೆ. ದುರ್ಗಿಗುಡಿಯಲ್ಲಿ ಕೆಲಸ ಬೇಗ ಮುಗಿಯಿತು, ಬಸ್ಸಿಗೆ ಇನ್ನೂ ಟೈಮಿತ್ತು, ಮಳೆ ಬೇರೆ ಹಿಡಿಯಿತು. ಹಳೇ ಪುಸ್ತಕ ಗುಡ್ಡೆ ಹಾಕಿಕೊಂಡು ಕೂತಿದ್ದ ಒಬ್ಬರ ಟಾರ್ಪಾಲಿನ ಕೆಳಗೆ ನಿಂತೆ. ಏನೂ ತಗೊಳ್ಳದೆ ಸುಮ್ನೆ ನಿಂತರೆ ಚೆನ್ನಾಗಿರಲ್ಲ ಅಂತ ಇದ್ದಿದ್ದರಲ್ಲೇ ತೆಳ್ಳಗಿನದೊಂದು ಎತ್ತಿಕೊಂಡೆ. 40 ರೂಪಾಯಿ. ಯಾವುದೋ ಲೈಬ್ರರಿಯ ಮುದ್ರೆ, ಬೆನ್ನಿಗೆಲ್ಲಾ ಬೂಷ್ಟು. ‘ಆ್ಯನ್ ಆಟೋಬಯಾಗ್ರಫಿ’, ಬರೆದವರು ಆರ್. ಜಿ. ಕಾಲಿಂಗ್‌ವುಡ್, ಇಂಗ್ಲೆಂಡಿನ ಫಿಲಾಸಫರ್ ಅಂತ ಆಮೇಲೆ ಗೊತ್ತಾಯಿತು. ಆ ಕ್ರಿಕೆಟ್ ಆಡುತ್ತಿದ್ದ ಕಾಲಿಂಗ್‌ವುಡ್‌ಗೆ ಏನಾದರೂ ಆಗಬೇಕೇನೋ ಅಂದುಕೊಂಡೆ, ನಗಬೇಡಿ.

ಬಸ್ಸಲ್ಲಿ ಶುರು ಮಾಡಿದೆ. ಆನಂದಪುರ ದಾಟಿದ್ದು ಗೊತ್ತಾಗಲಿಲ್ಲ.

ಆತ್ಮಕಥೆ ಅಂದರೆ ಹುಟ್ಟಿದ್ದು, ಮದುವೆ, ಕಷ್ಟ, ಸನ್ಮಾನ ಅಲ್ವಾ. ಇದರಲ್ಲಿ ಅದೆಲ್ಲ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಯೋಚನೆ ಮಾಡುವುದೇ ಕೆಲಸವಾದವನ ಆತ್ಮಕಥೆ ಅವನ ಯೋಚನೆಯ ಕಥೆಯೇ ಆಗಿರಬೇಕು ಅಂತ ಮುನ್ನುಡಿಯಲ್ಲೇ ಹೇಳಿ ಕೈತೊಳೆದುಕೊಳ್ಳುತ್ತಾರೆ. ಎಂಟು ವರ್ಷದ ಹುಡುಗ ಅಪ್ಪನ ಕಪಾಟಿನಿಂದ ಜರ್ಮನಿಯ ಫಿಲಾಸಫರ್ ಕಾಂಟ್ ಬರೆದ ಪುಸ್ತಕ ತೆಗೆದು ಓದುತ್ತಾನೆ. ಒಂದಕ್ಷರ ತಲೆಗೆ ಹತ್ತಲ್ಲ. ಆದರೆ ಇಲ್ಲಿ ಏನೋ ಬಹಳ ಮುಖ್ಯವಾದ ಮಾತು ನಡೀತಿದೆ, ಇದು ನನಗೆ ಸಂಬಂಧಪಟ್ಟದ್ದು, ಅಂತ ಅನ್ನಿಸುತ್ತದೆ. ನನ್ನ ಸ್ಥಿತಿಯೂ ಬಸ್ಸಲ್ಲಿ ಅದೇ, ವಯಸ್ಸು ಮಾತ್ರ 41.

ನನಗೆ ಹಿಡಿಸಿದ ಜಾಗ ಒಂದಿದೆ. ಮೊದಲನೇ ಮಹಾಯುದ್ಧದ ಹೊತ್ತಿಗೆ ಅವರು ಲಂಡನ್ನಿನಲ್ಲಿ ನೌಕಾಪಡೆಯ ಗುಪ್ತಚರ ವಿಭಾಗದಲ್ಲಿ ಕೆಲಸಕ್ಕಿದ್ದರು. ದಿನಾ ಕೆನ್ಸಿಂಗ್ಟನ್ ಗಾರ್ಡನ್ಸ್ ಹಾದು ನಡೆದುಕೊಂಡು ಹೋಗುವಾಗ ಆಲ್ಬರ್ಟ್ ಮೆಮೋರಿಯಲ್ ಅನ್ನುವ ದೊಡ್ಡ ಸ್ಮಾರಕ ಸಿಗುತ್ತದೆ. ಅದನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಹುಳ ಹರಿದಾಡಿದ ಹಾಗಿದೆ ಅನ್ನುವ ಮಟ್ಟಿಗೆ ಬೈಯುತ್ತಾರೆ. ನಾವಾಗಿದ್ದರೆ ಬೈದು, ಬೇರೆ ದಾರಿ ಹಿಡಿಯುತ್ತಿದ್ದೆವು. ಈ ಮನುಷ್ಯ ದಿನಾ ಹೋಗಿ ಅದನ್ನೇ ನೋಡುತ್ತಾ, ‘ಇದನ್ನು ಕಟ್ಟಿದವನು ಇಷ್ಟು ಕೆಟ್ಟದಾಗಿ ಯಾಕೆ ಕಟ್ಟಿದ? ಅವನು ಏನು ಮಾಡಲು ಹೊರಟಿದ್ದ? ಅವನು ಕೊಡಲು ಹೊರಟೇ ಇಲ್ಲದ್ದನ್ನು ನಾನು ಹುಡುಕುತ್ತಿದ್ದೇನಾ?’ ಅಂತ ಯೋಚಿಸುತ್ತಾರೆ. ಅಲ್ಲಿಂದ ಅವರ ದೊಡ್ಡ ಮಾತು ಹುಟ್ಟುತ್ತದೆ. ಯಾರೇ ಏನೇ ಹೇಳಿರಲಿ, ಅದು ಯಾವುದೋ ಪ್ರಶ್ನೆಗೆ ಉತ್ತರ. ಪ್ರಶ್ನೆ ಏನು ಅಂತ ತಿಳಿಯದೆ ಉತ್ತರ ಸರಿಯೋ ತಪ್ಪೋ ಹೇಳಲಾಗದು.

ಇಲ್ಲಿಯವರೆಗೆ ಸರಿ. ಆಮೇಲೆ ಚರಿತ್ರೆ ಅಂದರೆ ಸತ್ತವರ ಯೋಚನೆಯನ್ನು ನಮ್ಮ ತಲೆಯಲ್ಲಿ ಮತ್ತೆ ಯೋಚಿಸುವುದು ಅನ್ನುತ್ತಾರೆ. ನಾನು ಸಿಕ್ಕಿಬಿದ್ದಿದ್ದು ಇಲ್ಲಿ. ಹಾಗಾದರೆ ಕಥೆ ಕಟ್ಟುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ನಾನು ಶಿವಪ್ಪ ನಾಯಕನ ಹಾಗೆ ಯೋಚಿಸುತ್ತೇನೆ ಅಂತ ಕೂತರೆ ಅವನ ಕಿರೀಟ ಇಟ್ಟುಕೊಂಡು ನನ್ನ ಯೋಚನೆಯನ್ನೇ ಮಾಡುತ್ತೇನಷ್ಟೇ. ಮತ್ತೆ, ಇವರದ್ದೇ ‘ದಿ ಐಡಿಯಾ ಆಫ್ ಹಿಸ್ಟರಿ’ ದೊಡ್ಡ ಪುಸ್ತಕ ಅಂತ ಹಿಂದಿನ ರಟ್ಟಿನ ಮೇಲಿದೆ. ಅದಕ್ಕೆ ಕೈ ಹಾಕಲಾ? ಗೊತ್ತಿದ್ದವರು ಹೇಳಿ.

ರಿಟೈರ್ಡ್ ಮೇಷ್ಟ್ರು, ಶಿಕಾರಿಪುರ:

ಒಳ್ಳೇ ಕಡೆಯಿಂದಲೇ ಒಳಗೆ ಬಂದಿದ್ದೀರಿ. ಎಂಎ ಮಾಡುವಾಗ ನಮ್ಮನ್ನು ಸೀದಾ ‘ಐಡಿಯಾ ಆಫ್ ಹಿಸ್ಟರಿ’ಗೆ ತಳ್ಳಿದ್ದರು, ನಾನು ಮುಳುಗಿದವನು ಎದ್ದಿದ್ದು ಹತ್ತು ವರ್ಷದ ಮೇಲೆ, ಅದೂ ಈ ಸಣ್ಣ ಆತ್ಮಕಥೆ ಹಿಡಿದುಕೊಂಡು.

ದೊಡ್ಡ ಪುಸ್ತಕದ ವಿಷಯ ಒಂದು ತಿಳಿದಿರಲಿ. ಅದು ಅವರು ಮುಗಿಸಿ ಕೊಟ್ಟ ಪುಸ್ತಕವಲ್ಲ. ಕಾಲಿಂಗ್‌ವುಡ್ ಹುಟ್ಟಿದ್ದು 1889, ತೀರಿಕೊಂಡಿದ್ದು 1943, ಇನ್ನೂ 53 ವರ್ಷ. 1938ರಲ್ಲೇ ಪಾರ್ಶ್ವವಾಯು ಬಡಿದಿತ್ತು. ಟೈಮಿಲ್ಲ ಅಂತ ಗೊತ್ತಾದ ಮೇಲೆ ಬರೆದಿದ್ದು ನಿಮ್ಮ ಕೈಯಲ್ಲಿರುವ ಆತ್ಮಕಥೆ, ಅದಕ್ಕೇ ಆ ಅವಸರ, ಆ ಸಿಟ್ಟು. ‘ಐಡಿಯಾ ಆಫ್ ಹಿಸ್ಟರಿ’ಯನ್ನು ಅವರ ಶಿಷ್ಯ ನಾಕ್ಸ್ ಅನ್ನುವವರು ಪಾಠದ ಟಿಪ್ಪಣಿ, ಬಿಡಿ ಲೇಖನ ಎಲ್ಲ ಸೇರಿಸಿ 1946ರಲ್ಲಿ ತಂದರು. ಹಾಗಾಗಿ ಮೊದಲ ಪುಟದಿಂದ ಓದಬೇಡಿ. ಕೊನೆಯ ಭಾಗದಲ್ಲಿರುವ ಪ್ರಬಂಧಗಳಿಂದ ಶುರು ಮಾಡಿ. ಅದರಲ್ಲಿ ಒಂದು ಕೊಲೆ ತನಿಖೆ ಬರುತ್ತದೆ, ಜಾನ್ ಡೋನನ್ನು ಕೊಂದವರು ಯಾರು ಅಂತ. ಪತ್ತೇದಾರಿ ಕಾದಂಬರಿಯ ಹಾಗೇ ಇದೆ, ತಮಾಷೆಯಾಗಿದೆ.

ನಿಮ್ಮ ಅನುಮಾನ, ಅಂದರೆ ಇದು ಕಥೆ ಕಟ್ಟುವುದಲ್ವಾ ಅನ್ನೋದು. ಅಲ್ಲ. ಅವರು ಬರೀ ಫಿಲಾಸಫಿ ಮೇಷ್ಟ್ರಲ್ಲ, ಬ್ರಿಟನ್ನಿನ ರೋಮನ್ ಕಾಲದ ಮೇಲೆ ನೆಲ ಅಗೆದು ಕೆಲಸ ಮಾಡಿದವರು. ಹೇಡ್ರಿಯನ್ ಗೋಡೆಯ ಪ್ರಸಂಗ ಮತ್ತೊಮ್ಮೆ ಓದಿ, ನೀವು ಅಲ್ಲಿ ನಿದ್ದೆ ಮಾಡಿರಬೇಕು! ಬ್ರಿಟನ್ನಿನ ಉತ್ತರದಲ್ಲಿ ರೋಮನ್ನರು ಕಟ್ಟಿದ, ಸುಮಾರು 117 ಕಿಲೋಮೀಟರ್ ಉದ್ದದ ಗೋಡೆ. ಅದು ಹೇಗಿದೆ, ಯಾವಾಗ ಕಟ್ಟಿದ್ದು ಅಂತ ಎಲ್ಲರೂ ಕೇಳುತ್ತಿದ್ದರು. ಯಾತಕ್ಕೆ ಅಂತ ಇವರು ಕೇಳಿದರು. ಕೋಟೆ ಗೋಡೆಯ ಹಾಗೆ ಮೇಲೆ ನಿಂತು ಹೊಡೆದಾಡುವುದಕ್ಕಲ್ಲ, ಕಾವಲಿನವರು ಎತ್ತರದಲ್ಲಿ ಓಡಾಡುತ್ತಾ ಆಚೆ ಕಣ್ಣಿಡುವುದಕ್ಕೆ ಅನ್ನುವುದು ಅವರ ಊಹೆ. ಊಹೆ ಅಲ್ಲಿಗೇ ನಿಂತಿದ್ದರೆ ನಿಮ್ಮ ಮಾತು ಸರಿ. ಆದರೆ ಅದರ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಬಂತು. ಕಣ್ಣಿಡುವುದಕ್ಕೆ ಅಂತಾದರೆ, ಗೋಡೆ ಮುಗಿದ ಮೇಲೆ ಕಡಲ ದಂಡೆಯುದ್ದಕ್ಕೂ ಕಾವಲು ಗೋಪುರ ಇರಲೇಬೇಕಲ್ಲ, ಇಲ್ಲದಿದ್ದರೆ ಶತ್ರು ದೋಣಿಯಲ್ಲಿ ಸುತ್ತಿಕೊಂಡು ಬಂದುಬಿಡುತ್ತಾನೆ. ಹಳೇ ವರದಿಗಳನ್ನು ಹುಡುಕಿ ನೋಡಿದರೆ, ಅಂಥ ಗೋಪುರಗಳ ಪಾಯ ಎಂದೋ ಸಿಕ್ಕಿತ್ತು! ಯಾತಕ್ಕೆ ಅಂತ ತಿಳಿಯದೆ ಎಲ್ಲರೂ ಮರೆತಿದ್ದರು. ಮತ್ತೆ ಯೋಚಿಸುವುದು ಅಂದರೆ ಇದು. ಕಣ್ಣು ಮುಚ್ಚಿ ಕಿರೀಟ ಇಟ್ಟುಕೊಳ್ಳುವುದಲ್ಲ.

ನಮ್ಮೂರಿನ ಉದಾಹರಣೆ ಕೊಡುತ್ತೇನೆ, ಸ್ವಲ್ಪ ಉದ್ದ, ತಾಳಿಕೊಳ್ಳಿ. ತಾಳಗುಂದ ನೋಡಿದ್ದೀರಾ? ಪ್ರಣವೇಶ್ವರ ದೇವಸ್ಥಾನದ ಮುಂದಿನ ಶಾಸನದ ಕಂಬ. ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಯಿತು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ, ಕದಂಬ ರಾಜ್ಯ ಕಟ್ಟಿದ. ಮೂವತ್ತು ವರ್ಷ ನಾನೂ ಮಕ್ಕಳಿಗೆ ಹೀಗೇ ಪಾಠ ಮಾಡಿದೆ. ಶಾಸನದಿಂದ ಕತ್ತರಿಸಿ ಪುಸ್ತಕಕ್ಕೆ ಅಂಟಿಸಿದ್ದು, ಪುಸ್ತಕದಿಂದ ಕತ್ತರಿಸಿ ಮಕ್ಕಳ ತಲೆಗೆ ಅಂಟಿಸಿದ್ದು. ಕಾಲಿಂಗ್‌ವುಡ್ ಇದಕ್ಕೆ ‘ಕತ್ತರಿ-ಗೋಂದಿನ ಚರಿತ್ರೆ’ ಅಂತಲೇ ಹೆಸರಿಟ್ಟು ಬೈಯುವುದು.

ಈಗ ಅವರ ಹಾಗೆ ಕೇಳಿ. ಈ ಮಾತನ್ನು ಹೇಳುತ್ತಿರುವವರು ಯಾರು? ಕುಬ್ಜ ಅನ್ನುವ ಕವಿ. ಯಾವಾಗ? ಮಯೂರಶರ್ಮನ ಕಾಲದಲ್ಲಲ್ಲ, ಎಷ್ಟೋ ತಲೆಮಾರು ಆದ ಮೇಲೆ ಶಾಂತಿವರ್ಮನ ಕಾಲದಲ್ಲಿ. ಯಾತಕ್ಕೆ? ಅವನಪ್ಪ ಕಾಕುಸ್ಥವರ್ಮ ದೇವಸ್ಥಾನಕ್ಕೆ ಕೆರೆ ಕಟ್ಟಿಸಿದ್ದ, ಅದನ್ನು ದಾಖಲಿಸುವುದಕ್ಕೆ. ಕೆರೆಯ ಶಾಸನದಲ್ಲಿ ಮುತ್ತಾತನ ಜಗಳ ಯಾಕೆ ಬಂತು? ಅಂದರೆ ಕುಬ್ಜನ ಮುಂದಿದ್ದ ಪ್ರಶ್ನೆ ‘ಕಂಚಿಯಲ್ಲಿ ಅವತ್ತು ಏನಾಯಿತು?’ ಅಂತ ಇರಲಿಕ್ಕಿಲ್ಲ. ವೇದ ಓದುವ ಮನೆತನ ಸಿಂಹಾಸನದ ಮೇಲೆ ಯಾಕೆ ಕೂತಿದೆ, ಇದು ಸರಿಯಾ? ಅನ್ನುವ ಪ್ರಶ್ನೆ ಇರಬೇಕು. ಅದಕ್ಕೆ ಅವನು ಕೊಟ್ಟ ಉತ್ತರ ಆ ಜಗಳ. ಹಾಗಂತ ಜಗಳ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆಗಿರಬಹುದು. ಆದರೆ ಆ ಕಂಬ ನಮಗೆ ಗಟ್ಟಿಯಾಗಿ ಹೇಳುವುದು ಕಂಚಿಯ ಬೀದಿಯ ವಿಷಯವನ್ನಲ್ಲ, ಶಾಂತಿವರ್ಮನ ಆಸ್ಥಾನಕ್ಕೆ ಯಾವ ಪ್ರಶ್ನೆ ಚುಚ್ಚುತ್ತಿತ್ತು ಅನ್ನುವುದನ್ನು. ರಿಟೈರ್ ಆದ ಮೇಲೆ ಹೋಗಿ ಆ ಕಂಬದ ಮುಂದೆ ನಿಂತಾಗ ಇದು ಹೊಳೆದಿದ್ದು, ಪಾಠ ಮಾಡುವಾಗ ಹೊಳೆಯಲಿಲ್ಲ ಅನ್ನುವುದೇ ಬೇಜಾರು.

ಗ್ಯಾರೇಜ್ ಗಣಪ, ಹೊಸನಗರ:

ಮೇಷ್ಟ್ರೇ ನಮಸ್ಕಾರ. ಆ ಪುಸ್ತಕದಲ್ಲಿ ಕಾರಿನ ಪ್ಲಗ್ಗಿನ ವಿಷಯ ಇದೆ ಅಂತ ಗೆಳೆಯ ಹೇಳಿ ಆ ಎರಡು ಪುಟ ಮಾತ್ರ ಓದಿಸಿದ್ದ. ನಾನು ಓದಿದ ಫಿಲಾಸಫಿ ಅಷ್ಟೇ, ಆದರೆ ಅದರ ಮೇಲೆ ಮಾತಾಡುವ ಹಕ್ಕು ನನಗೆ ಎಲ್ಲರಿಗಿಂತ ಜಾಸ್ತಿ ಇದೆ.

ಕಾರು ಸ್ಟಾರ್ಟ್ ಆಗಲ್ಲ. ಒಂದನೇ ಪ್ಲಗ್ ಬಿಚ್ಚಿ ಎಂಜಿನ್ ಮೇಲಿಟ್ಟು ಹ್ಯಾಂಡಲ್ ತಿರುಗಿಸಿ ಕಿಡಿ ಬರುತ್ತಾ ನೋಡುತ್ತಾನೆ. ಬಂತು. ‘ಒಂದನೇ ಪ್ಲಗ್ ಸರಿ ಇದೆ.’ ಇದು ‘ಕಾರು ಯಾಕೆ ಸ್ಟಾರ್ಟ್ ಆಗುತ್ತಿಲ್ಲ’ ಅನ್ನೋದಕ್ಕೆ ಉತ್ತರ ಅಲ್ಲ. ‘ಒಂದನೇ ಪ್ಲಗ್ಗಿನಿಂದಾಗಿ ಸ್ಟಾರ್ಟ್ ಆಗುತ್ತಿಲ್ಲವಾ’ ಅನ್ನೋ ಸಣ್ಣ ಪ್ರಶ್ನೆಗೆ ಉತ್ತರ. ದೊಡ್ಡ ಪ್ರಶ್ನೆಯನ್ನು ಹೀಗೆ ಸಣ್ಣ ಸಣ್ಣದಾಗಿ ಕೊಯ್ದುಕೊಳ್ಳದೆ ಕೆಲಸ ಆಗಲ್ಲ ಅಂತ ಅವರ ಮಾತು. ನಮ್ಮ ಹುಡುಗರಿಗೆ ಇದನ್ನೇ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಜೀಪ್ ಬಂದ ಕೂಡಲೇ ಎಲ್ಲ ಬಿಚ್ಚಿ ಹರಡಿಕೊಂಡು ಕೂರುತ್ತಾರೆ. ಏನು ಹುಡುಕುತ್ತಿದ್ದೀಯೋ ಅಂದರೆ ‘ನೋಡೋಣ ಅಣ್ಣ, ಏನಾದ್ರೂ ಸಿಗುತ್ತೆ’. ಏನೂ ಸಿಗಲ್ಲ, ಬೋಲ್ಟ್ ಒಂದು ಜಾಸ್ತಿ ಸಿಗುತ್ತದೆ ಕೊನೆಗೆ.

ಮಳೆಗಾಲದಲ್ಲಿ ಒಂದು ಸಲ ಒಬ್ಬರ ಜೀಪಿಗೆ ನಾನೇ ಅರ್ಧ ದಿನ ಹಾಗೆ ಮಾಡಿದ್ದೇನೆ. ಡೀಸೆಲ್ ಖಾಲಿ ಆಗಿತ್ತು. ಮೀಟರ್ ಮುಳ್ಳು ಮೇಲೇ ಸಿಕ್ಕಿಕೊಂಡಿತ್ತು. ಮೀಟರ್ ಸುಳ್ಳು ಹೇಳಬಹುದಾ ಅನ್ನುವ ಪ್ರಶ್ನೆಯೇ ತಲೆಗೆ ಬರಲಿಲ್ಲ. ಮೇಷ್ಟ್ರ ಕಂಬದ ಕಥೆ ಓದುವಾಗ ಆ ಮೀಟರ್ ನೆನಪಾಯಿತು, ತಪ್ಪು ತಿಳಿಯಬೇಡಿ.

ತೋಟದ ಮನೆ, ತೀರ್ಥಹಳ್ಳಿ:

ಗಣಪಣ್ಣ, ನಕ್ಕು ನಕ್ಕು ಸಾಕಾಯ್ತು.

ನನ್ನದೂ ಒಂದು. ಅಜ್ಜ ತೀರಿಕೊಂಡ ಮೇಲೆ ಅವರ ಲೆಕ್ಕದ ಪುಸ್ತಕ ಸಿಕ್ಕಿತು, ಉದ್ದದ್ದು, ಕೆಂಪು ಬಟ್ಟೆ ರಟ್ಟಿನದು. ಅಡಿಕೆ ಲೆಕ್ಕ, ಆಳಿನ ಲೆಕ್ಕದ ನಡುವೆ ಒಂದು ವರ್ಷದ ಜುಲೈನಲ್ಲಿ ನಾಲ್ಕು ದಿನ ಒಂದೇ ಸಾಲು, ‘ಮಳೆ ಇಲ್ಲ’. ಕೊನೇ ದಿನದ ಸಾಲಿಗೆ ಎರಡು ಗೆರೆ ಎಳೆದಿದ್ದಾರೆ. ಬೆಂಗಳೂರಲ್ಲಿರುವ ನನ್ನ ತಮ್ಮ ಅದರ ಫೋಟೋ ಹಾಕಿ, ಆಗಲೇ ಮಲೆನಾಡಲ್ಲಿ ಬರ ಶುರುವಾಗಿತ್ತು, ಅಜ್ಜ ಎಷ್ಟು ಕಂಗಾಲಾಗಿದ್ದರು ನೋಡಿ ಅಂತ ಬರೆದ. ಎಲ್ಲರೂ ಅತ್ತರು.

ತೋಟ ಇದ್ದವರಿಗೆ ಇಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ. ಅಜ್ಜ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ‘ಮಳೆ ಬಂತಾ’ ಅಂತ ಅಲ್ಲ, ‘ಔಷಧಿ ಹೊಡೆಸಲು ಆಗುತ್ತದಾ’ ಅಂತ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಾದರೆ ಹೊಳವಾಗಬೇಕು, ಅಂದರೆ ಮಳೆ ಬಿಡಬೇಕು, ಗೊನೆ ಒಣಗಿರಬೇಕು, ಹೊಡೆದ ಮೇಲೂ ಸ್ವಲ್ಪ ಹೊತ್ತು ಮಳೆ ಬಿಡಬೇಕು. ಮೈಲುತುತ್ತ, ಸುಣ್ಣ ತಂದಿಟ್ಟುಕೊಂಡು, ಮರ ಹತ್ತುವವರಿಗೆ ಹೇಳಿ ಕಳಿಸಿ ಆಕಾಶ ನೋಡುತ್ತಾ ಕೂರುವುದು. ಜುಲೈನಲ್ಲಿ ನಾಲ್ಕು ದಿನ ಸತತ ಹೊಳವು ಅಂದರೆ ಲಾಟರಿ. ಪುಟ ತಿರುಗಿಸಿದರೆ ಆ ನಾಲ್ಕೂ ದಿನ ಆಳಿನ ಲೆಕ್ಕ ಜಾಸ್ತಿ ಇದೆ. ಆ ಎರಡು ಗೆರೆ ಖುಷಿಯಲ್ಲಿ ಎಳೆದಿದ್ದು ಮಾರಾಯ್ರೇ. ತಮ್ಮನಿಗೆ ಹೇಳಿದೆ, ಪೋಸ್ಟ್ ತೆಗೆಯಲಿಲ್ಲ, ಲೈಕ್ ಬಹಳ ಬಂದಿದೆಯಂತೆ.

ಮುಳುಗಡೆ ಮೊಮ್ಮಗಳು:

ಎಲ್ಲರೂ ಹೊಗಳುತ್ತಿದ್ದೀರಿ, ನಾನೊಬ್ಬಳು ತಕರಾರು ತೆಗೆಯುತ್ತೇನೆ.

ಪೂರ್ತಿ ಓದಿದ್ದೇನೆ, ದೊಡ್ಡ ಪುಸ್ತಕವನ್ನೂ. ಅವರ ಲೆಕ್ಕದಲ್ಲಿ ಮತ್ತೆ ಬದುಕಿಸಬಹುದಾದದ್ದು ಯೋಚನೆ ಮಾತ್ರ. ನೋವು, ಹಸಿವು, ಭಯ ಇವು ಬಂದು ಹೋಗಿಬಿಡುತ್ತವೆ, ಅವನ್ನು ಚರಿತ್ರೆಕಾರ ಹಿಡಿಯಲಾರ. ಜನ ಉಂಡರು, ಮಲಗಿದರು ಅನ್ನುವುದು ಚರಿತ್ರೆಯಲ್ಲ, ಉಣ್ಣುವುದಕ್ಕೆ ಯಾವ ಪದ್ಧತಿ ಕಟ್ಟಿಕೊಂಡರು ಅನ್ನುವುದು ಚರಿತ್ರೆ. ಅವರು ಕೊಡುವ ಉದಾಹರಣೆಯೂ ನೋಡಿ, ಟ್ರಫಾಲ್ಗರ್ ಯುದ್ಧದಲ್ಲಿ ಎದೆಯ ಮೇಲಿನ ಪದಕ ತೆಗೆಯಲೋ ಬೇಡವೋ ಅಂತ ಯೋಚಿಸುವ ಬ್ರಿಟಿಷ್ ನೌಕಾಪಡೆಯ ದಳಪತಿ ನೆಲ್ಸನ್. ಗೌರವದಿಂದ ಗಳಿಸಿದ್ದು, ಗೌರವದಿಂದಲೇ ಇವುಗಳ ಜೊತೆ ಸಾಯುತ್ತೇನೆ ಅಂದನಂತೆ. ದೊಡ್ಡವರ ಯೋಚನೆ ನಮ್ಮ ತಲೆಯಲ್ಲಿ ಸಲೀಸಾಗಿ ಮತ್ತೆ ಓಡುತ್ತದೆ, ಯಾಕೆಂದರೆ ಅವರ ಮಾತನ್ನು ಬರೆದಿಟ್ಟುಕೊಳ್ಳುವವರು ಪಕ್ಕದಲ್ಲೇ ಇರುತ್ತಾರೆ.

ನಮ್ಮಜ್ಜಿ ಲಿಂಗನಮಕ್ಕಿ ಮುಳುಗಡೆಯವರು. ಅಣೆಕಟ್ಟಿನಲ್ಲಿ ಶರಾವತಿ ನೀರು ನಿಂತಿದ್ದು 1964ರಲ್ಲಿ, ಅದಕ್ಕೂ ಮೊದಲೇ ಎಬ್ಬಿಸಿದ್ದರು. ಲಾರಿಯಲ್ಲಿ ಜಾಗ ಇರಲಿಲ್ಲ. ಆದರೂ ಹೆಬ್ಬಾಗಿಲಿನ ದಾರಂದ ಕೀಳಿಸಿ ಹಾಕಿಕೊಂಡು ಬಂದರು. ಒಂದು ಸಾಲು ಬರೆದಿಡಲಿಲ್ಲ, ಕೇಳಿದರೆ ‘ಬಿಟ್ಟು ಬರಕ್ಕಾತಾ’ ಅನ್ನುತ್ತಿದ್ದರು, ಅಷ್ಟೇ. ಅಮ್ಮ ಹೇಳುತ್ತಾರೆ ಅದು ಮನೆಯ ಮೇಲಿನ ಜೀವ ಅಂತ. ಮಾವ ಹೇಳುತ್ತಾರೆ ಜೀವವೂ ಇಲ್ಲ ಗೀವವೂ ಇಲ್ಲ, ಒಳ್ಳೇ ಹಲಸಿನ ಮರ, ಹೊಸ ಜಾಗದಲ್ಲಿ ನಾಟಾ ಎಲ್ಲಿ ತರುವುದು, ಅದಕ್ಕೆ ಅಂತ. ಇದರಲ್ಲಿ ಯಾವ ಯೋಚನೆಯನ್ನು ನಾನು ಮತ್ತೆ ಯೋಚಿಸಲಿ, ನಿಮ್ಮ ಫಿಲಾಸಫರ್ ಹೇಳಲಿ.

ರಿಟೈರ್ಡ್ ಮೇಷ್ಟ್ರು, ಶಿಕಾರಿಪುರ:

ತಂಗೀ, ನಿನ್ನ ತಕರಾರು ನ್ಯಾಯವಾದದ್ದು. ನೋವಿನ ವಿಷಯದಲ್ಲಿ ಅವರು ಬಿಗಿಯಾಗಿಬಿಟ್ಟರು, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ದೊಡ್ಡವರ ಪರ ಅನ್ನುವುದು ಪೂರ್ತಿ ಸರಿಯಲ್ಲ. ಆತ್ಮಕಥೆಯ ಕೊನೆಯ ಅಧ್ಯಾಯ ನೋಡು. ಸ್ಪೇನಿನ ಅಂತರ್ಯುದ್ಧದ ವಿಷಯದಲ್ಲಿ, ಹಿಟ್ಲರನಿಗೆ ಮಣಿಯುವ ವಿಷಯದಲ್ಲಿ ತಮ್ಮ ದೇಶದ ಸರ್ಕಾರವನ್ನೇ ಹೆಸರು ಹಿಡಿದು ಬೈಯುತ್ತಾರೆ, ಆಕ್ಸ್‌ಫರ್ಡಿನ ಕುರ್ಚಿಯಲ್ಲಿ ಕೂತುಕೊಂಡು. ಇನ್ನು ಮೇಲೆ ಹಗಲು ಬೆಳಕಿನಲ್ಲೇ ಹೋರಾಡುತ್ತೇನೆ ಅಂತ ಮುಗಿಸುತ್ತಾರೆ.

ಸಾಗರದ ಕೊನೆ ಬಸ್ಸು:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಗೋಡೆಯ ಅಧ್ಯಾಯದಲ್ಲಿ ನಿದ್ದೆ ಮಾಡಿದ್ದು ನಿಜ, ರಿಪ್ಪನ್‌ಪೇಟೆ ಕ್ರಾಸಿನ ಹತ್ತಿರ ಇರಬೇಕು. ರಾತ್ರಿ ಮತ್ತೆ ಓದಿದೆ.

ಅಕ್ಕಾ, ನಾನು ಲೆಕ್ಕ ಬರೆಯುವವನು, ನನಗೆ ಹೊಳೆಯುವುದು ಅಳತೆ, ರಸೀದಿ ಇಂಥವೇ. ತಪ್ಪು ತಿಳಿಯಬೇಡಿ, ಒಂದು ಕೇಳಲಾ? ಆ ದಾರಂದ ಈಗ ಎಲ್ಲಿದೆ? ಮರಕ್ಕಾಗಿ ತಂದಿದ್ದರೆ ಹೊಸ ಮನೆಯ ಅಳತೆಗೆ ಕೊಯ್ದಿರುತ್ತಾರೆ, ಅಥವಾ ಬೇರೆ ಏನಕ್ಕೋ ಬಳಸಿರುತ್ತಾರೆ. ಹಾಗೇ ಇಟ್ಟಿದ್ದಾರಾ?

ಮುಳುಗಡೆ ಮೊಮ್ಮಗಳು:

ಈ ಪ್ರಶ್ನೆ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಭಾನುವಾರ ಊರಿಗೆ ಹೋಗಿದ್ದೆ, ಟೇಪ್ ಹಿಡಿದು ನೋಡಿದೆ.

ಹೆಬ್ಬಾಗಿಲಿಗೇ ಕೂರಿಸಿದ್ದಾರೆ. ಕೊಯ್ದಿಲ್ಲ. ಮನೆಯ ಉಳಿದೆಲ್ಲ ಬಾಗಿಲಿಗಿಂತ ಅದು ಒಂಬತ್ತು ಇಂಚು ಎತ್ತರ. ಒಳಗಿನ ಗೋಡೆಗೆ ಗಿಲಾವು ಮಾಡಿಲ್ಲವಾದ್ದರಿಂದ ಕಾಣುತ್ತದೆ, ಕಟ್ಟಿದ ಮೇಲೆ ಒಂದು ವರಸೆ ಜಂಬಿಟ್ಟಿಗೆ ಕಡಿದು ಜಾಗ ಮಾಡಿದ್ದಾರೆ. ಕಡಿದ ಜಾಗಕ್ಕೆ ಮಣ್ಣು ಮೆತ್ತಿದ್ದಾರೆ, ಬೆರಳ ಗುರುತು ಹಾಗೇ ಇದೆ. ಅಂದರೆ ಮನೆ ಕಟ್ಟುವವರು ಬೇರೆ ಬಾಗಿಲಿನ ಅಳತೆ ಇಟ್ಟುಕೊಂಡಿದ್ದರು, ಅಜ್ಜಿ ಬಿಡಲಿಲ್ಲ.

ಮಾವನಿಗೆ ಫೋಟೋ ಕಳಿಸಿದ್ದೇನೆ. ನೀಲಿ ಟಿಕ್ ಬಿದ್ದಿದೆ, ಉತ್ತರ ಬಂದಿಲ್ಲ.